ವಿಭೂತಿ ಒರೆಸಿದ ಮೇಸ್ತ್ರಿ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆ ಮಾತಿಗೆ ಕಟ್ಟುಬಿದ್ದರೆ ಈ ಮೇಸ್ತ್ರಿಯ ವಿಷಯದಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕಾಗುತ್ತದೆ. ಹೋದ ವಾರ ಬಳ್ಳಾರಿಯಿಂದ ಹಳೆಯ ಜೊತೆಗಾರನೊಬ್ಬ ಸಿರುಗುಪ್ಪಕ್ಕೆ ಬಂದಿದ್ದ. ನನ್ನ ಅಂಗಡಿಯ ಬಾಗಿಲಲ್ಲಿ ಚಹಾ ಆರಿಸಿಕೊಳ್ಳುತ್ತ, "ಮೇಸ್ತ್ರಿ ಹೋದ್ನಂತಪ" ಅಂದ. ನಾನು "ಹೌದಾ" ಅಂದು ಉಳಿ ಮಸೆಯುವುದನ್ನು ಮುಂದುವರಿಸಿದೆ. ಅವನು ಬೇರೆ ಮಾತು ತೆಗೆದ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಾರು ತುಂಬಿತ್ತು, ಮದುವೆಯೂ ಆಗಿತ್ತು. ಕುರುಗೋಡಿನ ನಮ್ಮ ಹೊಲಕ್ಕೆ ಮೂವರು ಅಣ್ಣಂದಿರೇ ಹೆಚ್ಚಾಗಿದ್ದರು, ನಾಲ್ಕನೆಯವನಾದ ನಾನು ಉಂಡು ತಿರುಗುವುದಕ್ಕೆ ಮಾತ್ರ ಇದ್ದೆ. ಮರಗೆಲಸದ ಹುಚ್ಚು ಮೊದಲಿನಿಂದಲೂ ಇತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಹಿಂದಿನ ಓಣಿಯಲ್ಲಿ ಮರ ಕಡೆಯುವ ಲೇತುಗಳ ಒಂದು ಶೆಡ್ ಇತ್ತು, ಅಲ್ಲಿ ಕೆಲಸಕ್ಕೆ ಸೇರಿದೆ. ನಾಲ್ಕು ಲೇತು, ಐದು ಜನ. ಮಂಚದ ಕಾಲು, ತೊಟ್ಟಿಲ ಕಂಬ, ಮರದ ಬಟ್ಟಲು, ಲಟ್ಟಣಿಗೆ ಎಲ್ಲವೂ ಅಲ್ಲಿ ತಯಾರಾಗುತ್ತಿದ್ದವು. ಮಾಲೀಕರು ವಾರಕ್ಕೊಮ್ಮೆ ಬಂದು ಹೋಗುವವರು. ಉಳಿದ ದಿನ ಅಲ್ಲಿ ನಡೆಯುತ್ತಿದ್ದದ್ದು ಮೇಸ್ತ್ರಿಯ ದರ್ಬಾರು.

ಒಣಕಲು ಆಳು. ಒಂದು ಕಾಲು ಮುರಿದ ಕನ್ನಡಕಕ್ಕೆ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದ. ಎಡದವಡೆಯಲ್ಲಿ ಸದಾ ತಂಬಾಕು. ಗಡಿಯಾಚೆಯ ತೆಲುಗಿನವನು ಅಂತ ಕೆಲವರು, ರೈಲ್ವೆಯಲ್ಲಿ ಕೆಲಸ ಮಾಡಿ ಜಗಳಾಡಿ ಬಿಟ್ಟು ಬಂದವನು ಅಂತ ಕೆಲವರು ಹೇಳುತ್ತಿದ್ದರು. ಜಗಳಾಡಿರುತ್ತಾನೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬೆಳಿಗ್ಗೆ ಬಂದವನು ಮನುಷ್ಯರನ್ನು ಮಾತಾಡಿಸುತ್ತಿರಲಿಲ್ಲ. ನಾಲ್ಕೂ ಲೇತುಗಳ ಕುತ್ತಿಗೆಯ ಮೇಲೆ ಒಂದೊಂದು ಸಲ ಅಂಗೈ ಇಟ್ಟು ನೋಡಿ, ಆಮೇಲೆ ನಮ್ಮ ಕಡೆ ತಿರುಗಿ ಬೈಗುಳ ಶುರುಮಾಡುತ್ತಿದ್ದ.

ಮುಂದಿನದು ತಿಳಿಯಬೇಕಾದರೆ ಲೇತಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಮೋಟಾರಿನ ಬೆಲ್ಟು ತಿರುಗಿಸುವ ಕಬ್ಬಿಣದ ದಂಡಕ್ಕೆ ಸ್ಪಿಂಡಲ್ ಅನ್ನುತ್ತಾರೆ. ಅದರ ತುದಿ ಹೊರಗೆ ಚಾಚಿಕೊಂಡಿರುತ್ತದೆ, ಅದನ್ನು ನಾವು ಮೂತಿ ಅನ್ನುತ್ತಿದ್ದೆವು, ಮೂತಿಯ ಬುಡದ ದಪ್ಪ ಅಂಚನ್ನು ಕುತ್ತಿಗೆ. ಮೂತಿಯ ಮೇಲೆ ಬೋಲ್ಟಿಗಿರುವಂಥ ಥ್ರೆಡ್ಡು. ಬಟ್ಟಲಿನಂಥ ಅಗಲದ ಕೆಲಸಕ್ಕೆ ಅದರ ಮೇಲೆ ತಟ್ಟೆಯಂಥ ಫೇಸ್‌ಪ್ಲೇಟನ್ನು ತಿರುವಿ ಕೂಡಿಸಬೇಕು. ಮಂಚದ ಕಾಲಿನಂಥ ಉದ್ದದ ಕೆಲಸಕ್ಕೆ ಆ ಪ್ಲೇಟು ಬಿಚ್ಚಿ, ಮೂತಿಯ ತೂತಿಗೆ ಮುಳ್ಳಿರುವ ಸೆಂಟರ್ ಸೇರಿಸಬೇಕು. ಸೇರಿಸಿದ್ದು ಬಿಚ್ಚಲು ಬರಬೇಕು. ಬರದಿದ್ದರೆ ಲೇತು ಇದ್ದೂ ಇಲ್ಲದಂತೆ. ಸಿಟ್ಟಿಗೆದ್ದು ಸುತ್ತಿಗೆ ಎತ್ತಿದರೆ ಬೇರಿಂಗು ಹೋಗುತ್ತದೆ, ಎರಕದ ಮೈ ಸೀಳುತ್ತದೆ. ಸೀಳಿದ ಎರಕಕ್ಕೆ ಆಗಿನ ಬಳ್ಳಾರಿಯಲ್ಲಿ ಮದ್ದಿರಲಿಲ್ಲ.

ಸಿಕ್ಕಿಕೊಂಡದ್ದನ್ನು ಬಿಡಿಸುವುದರಲ್ಲಿ ಈ ಮೇಸ್ತ್ರಿಯನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಅವನಿಗೆ ಸಲ್ಲಬೇಕಾದ್ದನ್ನು ಕೊಟ್ಟುಬಿಡುತ್ತೇನೆ, ಆಮೇಲೆ ಬೈಯಲು ಸಲೀಸು. ದೊಡ್ಡ ಸುತ್ತಿಗೆಯನ್ನು ಅವನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಕೇಳಲು ಹೋದರೆ, "ಮೊದಲು ಸಿಟ್ಟು ಇಳಿಸ್ಕೊಂಡು ಬಾರಲೇ, ಸುತ್ತಿಗಿ ಎಲ್ಲಿಗೂ ಓಡಿ ಹೋಗಾಂಗಿಲ್ಲ" ಅನ್ನುತ್ತಿದ್ದ. ಸಿಟ್ಟು ಇಳಿದ ಮೇಲೆ ಸುತ್ತಿಗೆ ಬೇಕಾಗುತ್ತಲೂ ಇರಲಿಲ್ಲ. ಯಾರಾದರೂ ಪ್ಲೇಟನ್ನು ಅರ್ಧಂಬರ್ಧ ತಿರುವಿ ಮೋಟಾರು ಚಾಲೂ ಮಾಡಿದರೆ, ಅದು ಓಡಿಹೋಗಿ ಕುತ್ತಿಗೆಗೆ ಗುದ್ದಿ ಕಚ್ಚಿಕೊಳ್ಳುತ್ತಿತ್ತು. ಆಗ ಅವನು, "ಕೈಲಿ ಕೂಡ್ರಿಸಿದ್ದು ಕೈಲಿ ಬರತೈತಿ. ಮೋಟಾರಿಲೆ ಕೂಡ್ರಿಸಿದ್ದು ನನ್ನ ಕರೀತೈತಿ" ಅನ್ನುತ್ತಿದ್ದ.

ಸುದ್ದಿ ತಂದನಲ್ಲ, ಆ ಜೊತೆಗಾರ ಒಂದು ದಿನ ಸೆಂಟರನ್ನು ಬಿಡಿಸುತ್ತಿದ್ದ. ಹಿಂದಿನಿಂದ ಸರಳು ತೂರಿಸಿ ತಟ್ಟುವಾಗ ಮುಂದೆ ಎಡಗೈಯಲ್ಲಿ ಅರಿವೆ ಹಿಡಿದು ಅದನ್ನು ಬೀಳದಂತೆ ಹಿಡಿಯಬೇಕು. ಇವನು ಮರೆತ. ಸೆಂಟರ್ ಬಂಡೆಯ ಮೇಲೆ ಬಿದ್ದು ಮುಳ್ಳು ಬಾಗಿತು. ಮೇಸ್ತ್ರಿ ಅದಕ್ಕೆ ದಾರ ಕಟ್ಟಿ, ಕೂಸಿಗೆ ತಾಯತ ಕಟ್ಟುವ ಹಾಗೆ ಇವನ ಕೊರಳಿಗೆ ಕಟ್ಟಿದ. ಸಂಜೆಯ ತನಕ ಬಿಚ್ಚುವಂತಿರಲಿಲ್ಲ. ಊಟಕ್ಕೂ ಹಾಗೇ ಹೋಗಬೇಕಾಯಿತು. ಎರಡು ಮಕ್ಕಳ ತಂದೆ ಅವನು. ಇವತ್ತು ಆ ಕಥೆಯನ್ನು ಅವನೇ ನಗುತ್ತ ಹೇಳುತ್ತಾನೆ. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ಆದರೆ ನನ್ನ ಮೈ ಉರಿಯುತ್ತಿದ್ದದ್ದು ಅವನ ಇನ್ನೊಂದು ಪದ್ಧತಿಗೆ. ಲೇತು ಸಿಕ್ಕಿಕೊಂಡಿತೆಂದು ಯಾರೇ ಬರಲಿ, ಶೆಡ್ಡಿನವರಾಗಲಿ ಹೊರಗಿನವರಾಗಲಿ, ಅವರು ತಮ್ಮ ತಪ್ಪನ್ನು ಎಲ್ಲರ ಎದುರು ಬಾಯಿಬಿಟ್ಟು ಹೇಳುವ ತನಕ ಅವನು ಮಷೀನು ಮುಟ್ಟುತ್ತಿರಲಿಲ್ಲ. ಕೈ ಕಟ್ಟಿ ನಿಂತು, "ಏನ್ ಮಾಡಿದಿ, ಹೇಳು" ಅನ್ನುವುದು. "ತಾನಾಗೇ ಆತ್ರಿ" ಅಂದವರಿಗೆ, "ತಾನಾಗೇ ಆಗಿದ್ದು ತಾನಾಗೇ ಬಿಡತೈತಿ, ಹೋಗು" ಅನ್ನುವುದು. ತುಕ್ಕಿಗೆ ಒಂದು ಮದ್ದು, ಗುದ್ದಿ ಕಚ್ಚಿದ್ದಕ್ಕೆ ಇನ್ನೊಂದು, ಥ್ರೆಡ್ಡು ಅಡ್ಡ ಹತ್ತಿದ್ದಕ್ಕೆ ಮತ್ತೊಂದು, ಅದಕ್ಕೇ ಕೇಳುತ್ತೇನೆ ಅಂತ ಅವನ ವಾದ. ಇರಬಹುದು. ಕಿವಿಯಲ್ಲೂ ಕೇಳಬಹುದಿತ್ತಲ್ಲ? ಬಿಳಿ ಮೀಸೆಯ ಬಡಿಗನೊಬ್ಬ ನಮ್ಮೆಲ್ಲರ ಎದುರು ತಡವರಿಸುತ್ತ ನಿಂತಾಗ ಮೇಸ್ತ್ರಿಯ ದವಡೆ ನಿಧಾನಕ್ಕೆ ಆಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಅವನಿಗೆ ರುಚಿ ಇತ್ತು.

ಸಿಕ್ಕಿಕೊಳ್ಳದಂತೆ ಮಾಡುವ ಅವನ ಉಪಾಯವೂ ಹಾಗೆಯೇ, ಮನಸ್ಸು ನೋಯಿಸುವಂಥದ್ದು. ಪ್ಲೇಟಿಗೂ ಸ್ಪಿಂಡಲಿನ ಕುತ್ತಿಗೆಗೂ ನಡುವೆ ಒಂದು ತೆಳ್ಳನೆಯ ವಾಷರ್ ಇದ್ದರೆ ಕಬ್ಬಿಣ ಕಬ್ಬಿಣವನ್ನು ಕಚ್ಚುವುದಿಲ್ಲ. ಈ ಮಹಾನುಭಾವ ಅದನ್ನು ಸವೆದ ಚಪ್ಪಲಿಯ ಚರ್ಮದಿಂದ ಕತ್ತರಿಸುತ್ತಿದ್ದ. ದಿನಾ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮಷೀನಿನ ಕೊರಳಿಗೆ ಯಾರದೋ ಕಾಲಿನ ಚಪ್ಪಲಿ! ನಾವು ಮುಖ ಕಿವುಚಿದರೆ, "ದೇವರೇನ್ ಸಿಟ್ಟಾಗಾಂಗಿಲ್ಲ. ಚರ್ಮ ಕಚ್ಚಾಂಗಿಲ್ಲ, ಕಬ್ಬಿಣ ಕಚ್ಚತೈತಿ" ಅನ್ನುತ್ತಿದ್ದ.

ಆಯುಧಪೂಜೆಗೆ ನಾಲ್ಕೂ ಲೇತು ತೊಳೆದು, ಬಿಚ್ಚುವುದನ್ನೆಲ್ಲ ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆವು. ಮೇಸ್ತ್ರಿ ಮಾತ್ರ ಪ್ರತಿಯೊಂದು ಮೂತಿಗೂ ಗ್ರೀಸ್ ಹಚ್ಚಿ, ಎಣ್ಣೆ ಅರಿವೆ ಸುತ್ತಿ ಕಟ್ಟುತ್ತಿದ್ದ. "ವಿಭೂತಿ ಎಲ್ಲಿ ಬೇಕಲ್ಲಿ ಹಚ್ಚಿರಿ, ಇಲ್ಲಿ ಒಂದು ಬಿಟ್ಟು." ನಮ್ಮ ಪಾಲಿಗೆ ಮಷೀನಿನ ಹಣೆಯೆಂದರೆ ಆ ಮೂತಿಯೇ. ಹಣೆ ಬಿಟ್ಟು ಬೆನ್ನಿಗೆ ವಿಭೂತಿ ಹಚ್ಚುವುದು ಯಾವ ಪೂಜೆ? ಮೂರು ವರ್ಷ ತಡೆದುಕೊಂಡೆ. ನಾಲ್ಕನೆಯ ವರ್ಷ ನನ್ನ ಲೇತಿನ ಅರಿವೆ ಬಿಚ್ಚಿ, ಗ್ರೀಸ್ ಒರೆಸಿ, ನೀರಲ್ಲಿ ಕಲೆಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದೆ. ಮೇಸ್ತ್ರಿ ನೋಡಿದ. ಮಾತಿಲ್ಲ ಕತೆಯಿಲ್ಲ, ಸೀಮೆಎಣ್ಣೆಯ ಚಿಂದಿ ತಂದು, ಮಂಗಳಾರತಿ ಇನ್ನೂ ಉರಿಯುತ್ತಿರುವಾಗಲೇ ಅದನ್ನು ಒರೆಸಿದ. ಚಿಂದಿಯನ್ನು ತಾನು ತಂಬಾಕು ಉಗುಳುವ ಡಬ್ಬಿಗೆ ಎಸೆದ. "ಬೂದಿ ಅಂದ್ರ ಉಳಿ ಮಸಿಯೋ ಪುಡಿ ಇದ್ದಂಗ. ನೀರಿನ ಜೋಡಿ ಥ್ರೆಡ್ಡಿಗೆ ಹೋತಂದ್ರ ಸಿಮೆಂಟ್ ಆಗತೈತಿ. ತಿಳೀತೇನಲೇ, ಸ್ವಾಮಿ?"

ನನಗೆ ತಿಳಿಯಿತು, ತಲೆಗೆ ಹೋಯಿತು. ಅದನ್ನು ಮರೆಯಲಿಲ್ಲ. ಆದರೆ ಉಗುಳಿನ ಡಬ್ಬಿಯನ್ನೂ ಮರೆಯಲಿಲ್ಲ. ಮಾರನೆಯ ವಾರ ಕೆಲಸ ಬಿಟ್ಟೆ.

ಕುರುಗೋಡಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ನನ್ನ ಅಪ್ಪ ಊರಿನ ಹಿರಿಯ. ಬದುವಿನ ಜಗಳ, ಅಣ್ಣತಮ್ಮಂದಿರ ಜಗಳ, ಗಂಡಹೆಂಡಿರ ಜಗಳ, ಎಲ್ಲವೂ ನಮ್ಮ ಕಟ್ಟೆಗೇ ಬರುತ್ತಿದ್ದವು. ಎಷ್ಟೋ ಜನರಿಂದ "ನಂದು ತಪ್ಪಾತ್ರಿ" ಅನ್ನಿಸಿದವನು. ಅವನ ಬಾಯಿಂದ ಆ ಮಾತನ್ನು ಮನೆಯಲ್ಲಿ ನಮ್ಮ ಅವ್ವ ಕೂಡ ಕೇಳಿರಲಿಲ್ಲ. "ವಿಭೂತಿ ಒರೆಸಿ ಉಗುಳಿನ ಡಬ್ಬಿಗೆ ಹಾಕಿದನಾ?" ಅಂತ ಎರಡು ಸಲ ಕೇಳಿದ. ಆಮೇಲೆ, "ನಿನ್ನ ಮಷೀನು ನೀ ತಗೋ. ಅದರ ಹಣಿಗೆ ನಾ ಹಚ್ಚತೀನಿ, ಯಾವನು ಒರೆಸತಾನ ನೋಡೂಣು" ಅಂದ. ಅವನೇ ಮುಂದೆ ನಿಂತು ಹಳೆಯ ಲೇತೊಂದನ್ನು ಹುಡುಕಿಸಿದ, ಸಿರುಗುಪ್ಪದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಿಡಿಸಿದ. ನನಗೂ ಹೆಂಡತಿ ಮಕ್ಕಳಿಗೂ ಆ ಲೇತು ಒಂದೇ ದಿಕ್ಕು. ಅದು ನಿಂತರೆ ನಾನು ಮತ್ತೆ ಕುರುಗೋಡಿಗೆ ಹೋಗಿ ಅಣ್ಣಂದಿರ ಮನೆಯಲ್ಲಿ ತಾಟು ಹಿಡಿಯಬೇಕು.

ಮೊದಲ ಆಯುಧಪೂಜೆಗೆ ಅಪ್ಪ ಬೆಳಗಿನ ಬಸ್ಸಿಗೇ ಬಂದ. ಮಡಿಯುಟ್ಟು, ತಟ್ಟೆಯಲ್ಲಿ ವಿಭೂತಿ ಗಟ್ಟಿಯನ್ನು ನೀರು ಹಾಕಿ ತೇದ. ನಾನು ಪ್ಲೇಟು ಬಿಚ್ಚಿ ಕೊಟ್ಟೆ. ಮೂತಿಯ ಮೇಲೆ ಅಪ್ಪ ಮೂರು ಪಟ್ಟಿ ಎಳೆದ, ಸಾಲದೆಂದು ಮತ್ತೊಮ್ಮೆ ಎಳೆದ. ಥ್ರೆಡ್ಡಿನ ಸಾಲಿನಲ್ಲಿ ಬಿಳಿ ನೀರು ಇಳಿಯುವುದು ನನಗೆ ಕಾಣುತ್ತಿತ್ತು. ಪೂಜೆಯಾದ ಮೇಲೆ ಮಷೀನನ್ನು ಒಂದು ಸುತ್ತು ಓಡಿಸುವುದು ವಾಡಿಕೆ. "ಓಡ್ಸಪ" ಅಂದ ಅಪ್ಪ. ನಾನು ಆ ಹಸಿ ವಿಭೂತಿಯ ಮೇಲೆಯೇ ಪ್ಲೇಟು ತಿರುವಿದೆ. ವಾಷರ್ ಹಾಕಲಿಲ್ಲ. ಚಪ್ಪಲಿ ಚರ್ಮವನ್ನು ಅಪ್ಪನ ಎದುರು ತೆಗೆಯುವುದು ಹೇಗೆ? ಒಂದು ಸುತ್ತು ಓಡಿಸಿ, ಬಾಗಿಲು ಹಾಕಿ, ಹಬ್ಬಕ್ಕೆಂದು ಎಲ್ಲರೂ ಕುರುಗೋಡಿಗೆ ಹೋದೆವು.

ಐದು ದಿನ ಬಿಟ್ಟು ಬಂದು ನೋಡಿದರೆ ಪ್ಲೇಟು ಅಲುಗಲಿಲ್ಲ. ಎದುರಿಗೆ ಮಂಚದ ಕಾಲಿನ ಮರ ರಾಶಿಯಾಗಿ ಬಿದ್ದಿತ್ತು. ಸೀಮೆಎಣ್ಣೆ ಬಿಟ್ಟೆ. ಪೈಪು ಹಾಕಿ ಜಗ್ಗಿದೆ. ಮೂರನೆಯ ದಿನ ತಲೆ ಕೆಟ್ಟು, ಸ್ಪಿಂಡಲ್ ತಿರುಗದಿರಲೆಂದು ಬೆಲ್ಟು ಓಡುವ ಪುಲ್ಲಿಯ ಸಂದಿಗೆ ಸರಳು ಸಿಕ್ಕಿಸಿ, ಪ್ಲೇಟಿಗೆ ಸುತ್ತಿಗೆಯಿಂದ ಬಾರಿಸಿದೆ. ಪುಲ್ಲಿಯ ಅಂಚಿನ ಒಂದು ಚೂರು ಹಾರಿ ಗೋಡೆಗೆ ಬಡಿಯಿತು. ಇನ್ನೊಂದು ಏಟಿಗೆ ಮೈಯೇ ಸೀಳುತ್ತದೆ ಅಂತ ಗೊತ್ತಾಯಿತು. ಸುತ್ತಿಗೆ ಕೆಳಗಿಟ್ಟು ಬಳ್ಳಾರಿಯ ಬಸ್ಸು ಹತ್ತಿದೆ.

ಮೇಸ್ತ್ರಿ ನನ್ನನ್ನು ಎರಡು ತಾಸು ನಿಲ್ಲಿಸಿದ. ನಾಲ್ಕು ಕಾಲು ಕಡೆದು ಮುಗಿಸಿ, ಕೈ ಒರೆಸಿಕೊಂಡು, "ಬಡದಿ ಏನು?" ಅಂದ.

"ಬಡದೆ."

"ಎಲ್ಲಿ ಒಡೀತು?"

"ಪುಲ್ಲಿ ಅಂಚು."

"ಮೈ?"

"ಇಲ್ಲ."

"ನಾಳಿ ಬರತೀನಿ. ಮುಟ್ಟಬ್ಯಾಡ."

ಮೇಸ್ತ್ರಿ ಬರುವ ದಿನ ಅಪ್ಪ ಬರುವುದು ಬೇಡ ಅಂತ ಕುರುಗೋಡಿಗೆ ಹೇಳಿ ಕಳಿಸಿದೆ. ಅದಕ್ಕೇ ಬಂದ. ವಿಭೂತಿ ಒರೆಸಿದವನ ಮುಖ ನೋಡಬೇಕಂತೆ. ಬಂದು ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಪಕ್ಕದ ಸೈಕಲ್ ಅಂಗಡಿಯವನು, ಹೋಟೆಲಿನವನು, ಮರ ಕೊಟ್ಟಿದ್ದ ಗಿರಾಕಿ, ಎಲ್ಲರೂ ತಮಾಷೆ ನೋಡಲು ಸೇರಿದರು. ಮೇಸ್ತ್ರಿ ಚೀಲ ಇಳಿಸಿದ. ನೀರು ಕೊಟ್ಟರೆ ಬೇಡವೆಂದ. ಮಷೀನಿನ ಸುತ್ತ ಒಂದು ಸಲ ಬಂದು, ಪುಲ್ಲಿಯ ಗಾಯ ನೋಡಿ, ಕೈ ಕಟ್ಟಿ ನಿಂತ.

"ಏನ್ ಮಾಡಿದಿ, ಹೇಳು."

"ವಾಷರ್ ಹಾಕಿದ್ದಿಲ್ರಿ."

"ಅದು ಒಂದಾತು. ಇನ್ನೊಂದು?"

ಪ್ಲೇಟಿನ ಹಿಂದೆ, ಕುತ್ತಿಗೆಯ ಸಂದಿಯಲ್ಲಿ, ಒಣಗಿದ ಬಿಳಿಯ ಗೆರೆಯೊಂದಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ಅಂಗೈಗೆ ಹಾಕಿಕೊಂಡು ನನ್ನ ಮುಂದೆ ಹಿಡಿದ. "ಇದೇನು?"

"ಸುಣ್ಣ ಇರಬೇಕ್ರಿ. ಗ್ವಾಡಿಗೆ ಹಚ್ಚಿಸಿದ್ವಿ." ಎಂಥ ದರಿದ್ರ ಸುಳ್ಳು.

"ಯಾರು ಹಚ್ಚಿದ್ದು ಇದನ್ನ?"

"ನಾನ ಹಚ್ಚೀನಿ."

ಮೇಸ್ತ್ರಿ ಸೇರಿದವರ ಕಡೆ ತಿರುಗಿದ. "ಇವ ನಾಕು ವರ್ಷ ನನ್ನ ಕೈಯಾಗ ಕೆಲಸ ಮಾಡ್ಯಾನ. ಇದು ಹಚ್ಚಿದ್ರ ಏನಾಗತೈತಿ ಅಂತ ಇವನಿಗೆ ಗೊತ್ತೈತಿ. ಗೊತ್ತಿದ್ದವ ಹಚ್ಚಾಂಗಿಲ್ಲ. ಹಚ್ಚಿದವರು ಯಾರು?" ಮತ್ತೆ ಕೈ ಕಟ್ಟಿದ. ಹೊರಗೆ ರಾಯಚೂರಿನ ಬಸ್ಸು ಹಾರನ್ ಹೊಡೆಯುತ್ತಿತ್ತು.

ಅಪ್ಪ ಕುರ್ಚಿಯಿಂದ ಎದ್ದ. "ನಾ ಹಚ್ಚೀನ್ರಿ," ಅಂದ. "ಇದರಾಗಿನ್ದು ನನಗ ಗೊತ್ತಿದ್ದಿಲ್ಲ. ನಂದು ತಪ್ಪಾತು." ಅವನ ದನಿ ಕಟ್ಟೆಯ ಮೇಲೆ ಕೇಳುವ ದನಿಯಾಗಿರಲಿಲ್ಲ. ಎಷ್ಟೋ ಜನರ ಬಾಯಿಂದ ಕೇಳಿ ಕೇಳಿ ರೂಢಿಯಾದ ಮಾತನ್ನು ಅವರೆಲ್ಲ ಹೇಳುತ್ತಿದ್ದ ಹಾಗೆಯೇ, ನೆಲ ನೋಡುತ್ತ ಹೇಳಿದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ.

ಮೇಸ್ತ್ರಿಗೆ ಅಷ್ಟು ಸಾಕಾಯಿತು. ಹೋಟೆಲಿನಿಂದ ಕುದಿಯುವ ನೀರು ತರಿಸಿ, ಸ್ಪಿಂಡಲಿಗೆ ತಾಗದಂತೆ ಪ್ಲೇಟಿನ ಮೇಲಷ್ಟೇ ಸುರಿದ. ಸಂದಿಗೆ ಸೀಮೆಎಣ್ಣೆ ಬಿಟ್ಟು ಒಂದು ಬೀಡಿಯಷ್ಟು ಹೊತ್ತು ಕಾದ. ಪ್ಲೇಟಿಗೆ ಅಡ್ಡಲಾಗಿ ಜಾಲಿ ಮರದ ಉದ್ದನೆಯ ಪಟ್ಟಿಯನ್ನು ಎರಡು ಬೋಲ್ಟಿನಿಂದ ಬಿಗಿದ. ಹಿಂದೆ ಸ್ಪಿಂಡಲಿನ ಚಪ್ಪಟೆ ಜಾಗಕ್ಕೆ ಪಾನಾ ಹಿಡಿದು, ಅದು ತಿರುಗದಂತೆ ಕೆಳಗೆ ಮರದ ತುಂಡು ಕೊಟ್ಟ. ಪಟ್ಟಿಯ ತುದಿಗೆ ಅಂಗೈಯಿಂದ ಚುರುಕಾಗಿ ಒಂದು ಹೊಡೆದ, ಮತ್ತೊಂದು. ಮೂರನೆಯದಕ್ಕೆ ಒಳಗೆ ಏನೋ ಕಟಕ್ಕೆಂದು ಬಿಟ್ಟಿತು. ಆಮೇಲೆ ಪ್ಲೇಟು ಮಗುವಿನ ಕೈಗೂ ತಿರುಗುವಷ್ಟು ಸಲೀಸಾಗಿ ಬಂತು. ಎಣ್ಣೆಯಲ್ಲಿ ಅದ್ದಿದ ನೂಲಿನ ದಾರವನ್ನು ಥ್ರೆಡ್ಡಿನ ಸಾಲಿನಲ್ಲಿ ಎಳೆದೆಳೆದು ಬೂದಿಯನ್ನೆಲ್ಲ ತೆಗೆದ. ಅಲ್ಲೇ ಬಿದ್ದಿದ್ದ ಲಗ್ನಪತ್ರಿಕೆಯ ದಪ್ಪ ಕಾಗದ ಕತ್ತರಿಸಿ ವಾಷರ್ ಮಾಡಿ ಹಾಕಿದ.

"ಕಾಗದ ನಡೀತದೇನ್ರಿ?" ಅಂದೆ.

"ಚಲೋ ನಡೀತೈತಿ."

"ಮತ್ತ ನಾಕು ವರ್ಷ ಚಪ್ಪಲಿ ಯಾಕ ಹಾಕಿಸಿದ್ರಿ?"

"ನೀವು ಕೇಳಲಿಲ್ಲಲ," ಅಂದ. ಅಂಥ ಮನುಷ್ಯ ಅವನು. ನಾಲ್ಕು ವರ್ಷ ನಾವು ಮುಖ ಕಿವುಚುವುದನ್ನು ನೋಡುತ್ತ ಕೂತಿದ್ದನೇ ಹೊರತು, ಒಂದು ಮಾತು ಬಾಯಿಬಿಡಲಿಲ್ಲ.

ಅವನ ಚೀಲ ಹಿಡಿದು ಬಸ್ಸಿನ ತನಕ ಹೋದೆ, ಹೋಗದಿದ್ದರೆ ಜನ ಏನೆಂದಾರು ಅಂತ. ಅಪ್ಪ ಆ ಕಡೆ ಮುಖ ಮಾಡಿ ಕೂತಿದ್ದ. ಮೇಸ್ತ್ರಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ಬಾಗಿದ. ಈ ಸಲ ಕಿವಿಯಲ್ಲೇ ಹೇಳಿದ. "ನಿಮ್ಮಪ್ಪ ಗೊತ್ತಿಲ್ದ ಹಚ್ಚ್ಯಾನ. ಅದರ ಮ್ಯಾಲೆ ಪ್ಲೇಟು ತಿರುವಿದವ ನೀನು, ಎಲ್ಲಾ ಗೊತ್ತಿದ್ದು. ಅದನ್ನ ಅಲ್ಲಿ ನೀ ಹೇಳತೀ ಅಂತ ಕಾದೆ. ಹೇಳಲಿಲ್ಲ." ಬಸ್ಸು ಹೊರಟಿತು. ಅವನನ್ನು ಮತ್ತೆ ನಾನು ನೋಡಲಿಲ್ಲ, ನೋಡಲು ಹೋಗಲೂ ಇಲ್ಲ.

ಅವನು ಹೇಳಿದ್ದು ಸರಿ. ಅದಕ್ಕೇ ಅವನನ್ನು ಕಂಡರೆ ನನಗೆ ಅಷ್ಟು ದ್ವೇಷ. ಬಿಳಿ ನೀರು ಥ್ರೆಡ್ಡಿಗೆ ಇಳಿಯುವುದನ್ನು ನೋಡುತ್ತ ನಿಂತಾಗ "ತಡೀಪ ಅಪ್ಪ, ಒರೆಸಿ ಹಾಕತೀನಿ" ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದು ಮೇಸ್ತ್ರಿಯ ಮಾತಾಗುತ್ತಿತ್ತು. ಅವನ ಮಾತು ನನ್ನ ಬಾಯಲ್ಲಿ ಬರುವುದಕ್ಕಿಂತ ಲೇತು ಕಚ್ಚಿಕೊಳ್ಳಲಿ ಅಂತ ತಿರುವಿದೆ.

ಅಪ್ಪ ಆಮೇಲೆ ಏಳು ವರ್ಷ ಬದುಕಿದ್ದ. ಕಟ್ಟೆಯ ನ್ಯಾಯಕ್ಕೆ ಕೂರುವುದನ್ನು ಆ ವರ್ಷವೇ ಬಿಟ್ಟ. ಯಾರಾದರೂ ಕರೆದರೆ, "ನನಗ ಎಲ್ಲಾ ತಿಳೀತೈತಿ ಅನ್ನಾಕ ಬರಾಂಗಿಲ್ಲಪ, ಬ್ಯಾರೇರನ್ನ ಕೇಳ್ರಿ" ಅನ್ನುತ್ತಿದ್ದ. ಆಯುಧಪೂಜೆಗೆ ಮಾತ್ರ ಪ್ರತಿವರ್ಷ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಬರುತ್ತಿದ್ದ. ಮಡಿಯುಟ್ಟು ವಿಭೂತಿ ತೇಯುತ್ತಿದ್ದ. ಆದರೆ ಲೇತಿನ ಹತ್ತಿರ ಬರುತ್ತಿರಲಿಲ್ಲ. ಹೊಸ್ತಿಲ ಹೊರಗೇ ನಿಂತು ತಟ್ಟೆಯನ್ನು ನನ್ನ ಕಡೆ ಚಾಚುತ್ತಿದ್ದ.

"ನೀನ ಹಚ್ಚಪ. ನನ್ನ ಕೈಲಿ ಮತ್ತ ಕೆಟ್ಟೀತು."

ಏಳು ವರ್ಷವೂ ಅದನ್ನೇ ಅಂದ. ಏಳು ವರ್ಷವೂ ನಾನು ತಟ್ಟೆ ಇಸಿದುಕೊಂಡೆ.